ಜರ್ಮನಿಯ ಸಂಜೆ ತರಗತಿ: ದಾವಣಗೆರೆಯಿಂದ ಹೊರಟವರಿಗಾಗಿ

ನಾನು ರಜೆಗೆಂದು ದಾವಣಗೆರೆಗೆ ಬಂದಾಗಲೆಲ್ಲ, ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಿರುವ ಮಕ್ಕಳು ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬಂದು ಭಾಷೆಯ ಬಗ್ಗೆ ವಿಚಾರಿಸುತ್ತಾರೆ. ಅಲ್ಲಿನ ಬಹುತೇಕ ಪಟ್ಟಣಗಳಲ್ಲಿರುವ ‘ಫೋಕ್ಸ್‌ಹೋಖ್‌ಶೂಲೆ’ ಎಂಬ ವಯಸ್ಕರ ಕಲಿಕಾ ಕೇಂದ್ರದ ಸಂಜೆ ತರಗತಿಯನ್ನು ನಾನು ಮನಸಾರೆ ಸೂಚಿಸುತ್ತೇನೆ. ನಮ್ಮ ಶಿಕ್ಷಕಿ ಮೊದಲ ದಿನದಿಂದಲೇ ಜರ್ಮನ್ನಿನಲ್ಲಷ್ಟೇ ಮಾತನಾಡಿದರು. ಅದೇ ಸರಿಯಾದ ಕ್ರಮ.

ಜರ್ಮನ್ನಿನ ಅಧೀನ ವಾಕ್ಯದಲ್ಲಿ, ಅಂದರೆ ಮುಖ್ಯ ವಾಕ್ಯವನ್ನು ಅವಲಂಬಿಸಿದ ಉಪವಾಕ್ಯದಲ್ಲಿ, ಕ್ರಿಯಾಪದವು ಕನ್ನಡದಂತೆಯೇ ಕೊನೆಗೆ ಬರುವುದರಿಂದ, ಸಹಪಾಠಿಗಳು ತಡವರಿಸುತ್ತಿದ್ದ ಕಡೆ ನನ್ನ ನಾಲಿಗೆ ತಾನಾಗಿಯೇ ಹಾದಿ ಹಿಡಿಯಿತು. ಲಿಂಗದ ವಿಷಯ ಹಾಗಲ್ಲ: ಅಲ್ಲಿ ಚಂದ್ರ ಪುಲ್ಲಿಂಗ, ಸೂರ್ಯ ಸ್ತ್ರೀಲಿಂಗ, ‘ಹುಡುಗಿ’ ಎಂಬ ಪದ ನಪುಂಸಕಲಿಂಗ, ಹೀಗಾಗಿ ಪ್ರತಿಯೊಂದು ನಾಮಪದವನ್ನೂ ಲಿಂಗವನ್ನು ಸೂಚಿಸುವ ‘ಡೇರ್‌, ಡೀ, ಡಾಸ್‌’ ಎಂಬ ಪೂರ್ವಪದಗಳ ಸಮೇತ ಬಾಯಿಪಾಠ ಮಾಡಲೇಬೇಕು.

ಮೂರನೆಯ ತಿಂಗಳಲ್ಲಿ ಬೇಕರಿಯ ಅಜ್ಜಿಯೊಬ್ಬರು ಇಂಗ್ಲಿಷಿಗೆ ಹೊರಳದೆ ನನ್ನೊಡನೆ ಪೂರ್ತಿ ಮಾತನಾಡಿದರು. ಅವರಿಗೆ ನಮ್ಮೂರಿನ ಬೆಣ್ಣೆದೋಸೆಯನ್ನು ಅವರದೇ ಭಾಷೆಯಲ್ಲಿ ವರ್ಣಿಸಿದ ದಿನ ನನಗಾದ ಹಿಗ್ಗು ಇಂದಿಗೂ ಆರಿಲ್ಲ.

ಶುಲ್ಕ ಊರಿಂದೂರಿಗೆ ಬೇರೆ. ಭಾಷಾ ಕಲಿಕೆಯ ಮೊದಲ ಮೆಟ್ಟಿಲಾದ ಎ1 ಹಂತವನ್ನು ಇಲ್ಲಿಯೇ ಮುಗಿಸಿಕೊಂಡು ಹೋದರೆ, ಅಲ್ಲಿ ಕಾಲಿಟ್ಟ ದಿನದಿಂದಲೇ ಅಂಗಡಿ, ಬಸ್ಸುಗಳಲ್ಲಿ ಧೈರ್ಯವಾಗಿ ಮಾತು ಆರಂಭಿಸಬಹುದು.