ಮರೀನ್ ಪ್ಲೈ ಅಂತ ದುಡ್ಡು ತಗೊಂಡು ಕೊಟ್ಟಿದ್ದೇ ಬೇರೆ!

ಮಕ್ಕಳಿಗೆ ಮನೆಯಲ್ಲೇ ಸ್ಕೇಟ್‌ಬೋರ್ಡ್ ರ‍್ಯಾಂಪ್ ಮಾಡಿಕೊಡೋಣ ಅಂತ ಪ್ಲೈವುಡ್ ತರಲು ಹೊರಟಿದ್ದೀರಾ? ದಯವಿಟ್ಟು ಇದನ್ನು ಓದಿಕೊಂಡು ಹೋಗಿ. ನನ್ನ 11 ವರ್ಷದ ಮಗನ ಎಡಗೈಗೆ ಈಗ ಪ್ಲಾಸ್ಟರ್ ಹಾಕಿದ್ದಾರೆ. ಹೆಲ್ಮೆಟ್ ಇತ್ತು, ಅದಕ್ಕೇ ತಲೆ ಉಳಿಯಿತು.

ರ‍್ಯಾಂಪ್ ದೊಡ್ಡದೇನಲ್ಲ. 2 ಅಡಿ ಎತ್ತರ, 4 ಅಡಿ ಅಗಲ. ಎರಡು ಬದಿಗೆ 18 ಎಂಎಂ ಪ್ಲೈ, ಒಳಗೆ 8 ಇಂಚಿಗೊಂದು ಅಡ್ಡಪಟ್ಟಿ, ಮೇಲೆ ಬಗ್ಗಿಸಿ ಹೊಡೆಯಲು 6 ಎಂಎಂ ಎರಡು ಪದರ. ನಾನು, ನನ್ನ ತಮ್ಮ ಸೇರಿ ಎರಡು ಭಾನುವಾರ ಕೂತು ಮಾಡಿದೆವು. ಅಂಚಿಗೆಲ್ಲಾ ಎರಡೆರಡು ಕೋಟ್ ಪೇಂಟ್ ಹೊಡೆದೆವು. ತಾರಸಿ ಮೇಲೆ ಇಡೋದು, ಮಳೆ ಬೀಳುತ್ತೆ, ನೀರು ತಡೆಯೋ ಮರೀನ್ ಪ್ಲೈಯೇ ಬೇಕು ಅಂತ ಅಂಗಡಿಯಲ್ಲಿ ಮೂರು ಸಲ ಹೇಳಿದ್ದೆ. ಮೂರು ಸಲ!

ಅಂಗಡಿಯವನು ಕೌಂಟರ್ ಪಕ್ಕದ ಬಕೆಟ್‌ನಿಂದ ಒಂದು ತುಂಡು ಎತ್ತಿ ತೋರಿಸಿದ. "ಮೂರು ತಿಂಗಳಿಂದ ನೀರಲ್ಲೇ ಇದೆ ಮೇಡಂ, ನೋಡಿ." ಗಟ್ಟಿಯಾಗಿತ್ತು. ಅಂಚಿನಲ್ಲಿ ಗೋಂದಿನ ಗೆರೆ ಕಪ್ಪಗೆ ಕಾಣುತ್ತಿತ್ತು. ನಂಬಿದೆ. 18ರದ್ದು ಎರಡು ಶೀಟು, 6ರದ್ದು ಎರಡು, ಒಟ್ಟು 11,520 ರೂಪಾಯಿ. ಬಿಲ್ ಕೇಳಿದರೆ 18 ಪರ್ಸೆಂಟ್ ಜಿಎಸ್‌ಟಿ ಸುಮ್ನೆ ಯಾಕೆ ಅಂದ. ಚೀಟಿಯಲ್ಲಿ ಬರೆದುಕೊಟ್ಟ. ಸಂಜೆ ಟೆಂಪೋದಲ್ಲಿ ಮಾಲು ಬಂತು.

ಈಗ ಹೊಟ್ಟೆ ಉರಿಯೋದು ಎಲ್ಲಿ ಗೊತ್ತಾ? ಮೊದಲ ಶೀಟು ಕೊಯ್ದಾಗಲೇ ಗೋಂದಿನ ಗೆರೆ ಬೆಳ್ಳಗಿತ್ತು. ಮಧ್ಯೆ ಒಂದು ಕಡೆ ಬೆರಳು ತೂರುವಷ್ಟು ಸಂದು. ನಾನು ನೋಡಿದೆ. ನೋಡಿಯೂ ಸುಮ್ಮನಾದೆ. ಮೇಲೆ ಐಎಸ್ 710 ಅಂತ, ಮರೀನ್ ಪ್ಲೈ ಮಾನದಂಡದ ನಂಬರೇ ಅಚ್ಚಾಗಿತ್ತಲ್ಲ!

ಎರಡು ಮಳೆ, ಅಷ್ಟೇ. ಕೆಳಗಿನ ತುದಿಯಲ್ಲಿ ಮೇಲಿನ ಪದರ ಉಬ್ಬಿ ಎದ್ದಿತ್ತು. ಮುಂದಿನ ಚಕ್ರ ಅದಕ್ಕೆ ಸಿಕ್ಕಿ ಮಗ ಕೈ ಊರಿ ಬಿದ್ದ.

ಆವತ್ತು ರಾತ್ರಿ ಉಳಿದ ಒಂದು ತುಂಡನ್ನು ಹಳೇ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ನಿಜವಾದ ಮರೀನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು, ಪರೀಕ್ಷೆ ಇರುವುದೇ ಹಾಗೆ. ಇದು ಒಂದು ಗಂಟೆ ಕೂಡ ತಡೆಯಲಿಲ್ಲ. ನೆನೆದ ಪುಸ್ತಕದ ಹಾಳೆ ಥರ ಒಂದೊಂದೇ ಪದರ ಬಿಟ್ಟುಕೊಂಡಿತು. ಒಲೆ ಮುಂದೆ ನಿಂತು ಅತ್ತುಬಿಟ್ಟೆ.

ಮರುದಿನ ಅಂಗಡಿಗೆ ಹೋದೆ. ಅವನ ಉತ್ತರ ಕೇಳಿ.

"ಮಳೇಲಿ ಇಟ್ರೆ ಯಾವ ಪ್ಲೈ ಆದ್ರೂ ಹೋಗತ್ತೆ ಮೇಡಂ." ಹಾಗಾದರೆ ಬಕೆಟ್‌ನಲ್ಲಿದ್ದದ್ದು ಏನು?

"ಅಂಚಿಗೆ ಪೇಂಟ್ ಹೊಡೆದಿಲ್ಲ ನೀವು." ಹೊಡೆದಿದ್ದ ಫೋಟೋ ತೋರಿಸಿದೆ.

"ಇದು ನಮ್ಮ ಮಾಲೇ ಅಲ್ಲ. ಬಿಲ್ ತೋರಿಸಿ." ಬಿಲ್ ಬೇಡ ಅಂದವನೇ ಇವನು! ಚೀಟಿ ತೋರಿಸಿದರೆ ಅದರಲ್ಲಿ ಬರೀ "ಪ್ಲೈ" ಅಂತಿದೆ, ಮರೀನ್ ಅನ್ನೋ ಪದವೇ ಇಲ್ಲ.

ಕೊನೆಗೆ, "ಮನೇಲಿ ಗಂಡಸರು ಇದ್ರೆ ಕಳಿಸಿ, ಮಾತಾಡ್ತೀನಿ." ಅಂಗಡಿ ತುಂಬ ಜನ. ಯಾರೂ ಏನೂ ಅನ್ನಲಿಲ್ಲ. ನನ್ನ ಕೈ ನಡುಗುತ್ತಿತ್ತು. ದುಡ್ಡು ಎಣಿಸಿಕೊಳ್ಳುವಾಗ ಗಂಡಸರು ಬೇಕಾಗಿರಲಿಲ್ಲ ಅಲ್ವಾ? ವಾಟ್ಸಾಪ್‌ನಲ್ಲಿ ಕುದಿಸಿದ ತುಂಡಿನ ಫೋಟೋ ಕಳಿಸಿದೆ. ಬ್ಲಾಕ್ ಮಾಡಿದ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂತ ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು.

ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ನಂಬರ್, ಅಂದರೆ ತಯಾರಕರ ಲೈಸೆನ್ಸ್ ನಂಬರ್ ಇರುತ್ತೆ. ಅದನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ನನ್ನ ಶೀಟಿನಲ್ಲಿ ಆ ಜಾಗ ಬರೀ ಮಸಿ. ಬಿಲ್‌ನಲ್ಲಿ ಐಎಸ್ 710 ಅಂತ ಬರೆಸಿಕೊಳ್ಳಿ. ಜಿಎಸ್‌ಟಿ ಹೋದರೆ ಹೋಗಲಿ. ಬಕೆಟ್ ತೋರಿಸುವವನನ್ನು ಮಾತ್ರ ನಂಬಬೇಡಿ.

ಬೇಯಿಸಿದ ಆ ತುಂಡನ್ನು ನಾನು ಬಿಸಾಡಿಲ್ಲ. ಪ್ಲೈ ತರಲು ಹೊರಟವರು ಹತ್ತಿರದಲ್ಲಿ ಯಾರಾದರೂ ಇದ್ದರೆ ಮನೆಗೆ ಬನ್ನಿ, ಕೈಗೆ ಕೊಟ್ಟು ತೋರಿಸ್ತೀನಿ.