ಹಳೇ ವಿಡಿಯೋ ಗೇಮ್ ಕೊಳ್ಳುವವರು ಒಮ್ಮೆ ಓದಿ: ಬಾಡಿ ಜಪಾನಿನದು, ಒಳಗಿದ್ದದ್ದು ಬೇರೆ

ಮೊದಲೇ ಹೇಳಿಬಿಡುತ್ತೇನೆ, 13,500 ರೂಪಾಯಿ ಹೋಯಿತು. ವಾಪಸ್ ಬರಲ್ಲ. ಬರೆಯೋದೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ, ಯಾಕಂದರೆ ನಾಚಿಕೆ ಆಗುತ್ತದೆ. ದುಡ್ಡು ಹಾಕಿದೆ, ಸಾಮಾನು ಬರಲಿಲ್ಲ ಅನ್ನುವ ಕಥೆ ಅಲ್ಲ ಇದು. ನಾನೇ ಅವನ ರೂಮಿಗೆ ಹೋಗಿ, ಕೈಯಾರೆ ಮುಟ್ಟಿ ನೋಡಿ, ಅರ್ಧ ಗಂಟೆ ಆಡಿ, ಅವನು ತರಿಸಿಕೊಟ್ಟ ಟೀ ಕುಡಿದು, ನಗುನಗುತ್ತಾ ದುಡ್ಡು ಕಳಿಸಿ ಬಂದೆ. ಯಾಮಾರಿದ್ದು ಹಾಗೆ.

ಸಾಮಾನು ಯಾವುದು ಅಂದರೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. 1983ರ ಜುಲೈನಲ್ಲಿ ಜಪಾನಿನಲ್ಲಿ ಬಂದಿದ್ದು. ಆಗ ಅಲ್ಲಿ ಅದರ ಬೆಲೆ 14,800 ಯೆನ್. ಕೆನೆ ಬಣ್ಣದ ಮೈ, ಮರೂನ್ ಬಣ್ಣದ ಅಂಚು, ಎರಡೂ ಪಕ್ಕದಲ್ಲಿ ಕಂಟ್ರೋಲರ್ ಸಿಕ್ಕಿಸಿಡುವ ಜಾಗ. ಹೆಸರು ಗೊತ್ತಿಲ್ಲದಿದ್ದರೂ ಚಿತ್ರ ನೋಡಿದರೆ ಗುರುತು ಹತ್ತುತ್ತದೆ. ನಾವು ಚಿಕ್ಕವರಿದ್ದಾಗ ಆಡಿದ ಟಿವಿ ಗೇಮ್‌ಗಳಲ್ಲಿ ಬಹಳಷ್ಟು ಇದರ ನಕಲೇ.

ನಾನು ಹಾಸನದಲ್ಲಿ ಬೆಳೆದವನು. 1996ರ ಬೇಸಿಗೆ ರಜೆಯಲ್ಲಿ ಅಪ್ಪ ಬೆಂಗಳೂರಿಗೆ ಬಂದವರು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ಒಂದು ಟಿವಿ ಗೇಮ್ ತಂದಿದ್ದರು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಗನ್ನು. ಆ ಡಬ್ಬ ಯಾವತ್ತೋ ಹಾಳಾಯಿತು. ಆದರೆ ಮೂರು ಕ್ಯಾಸೆಟ್‌ಗಳನ್ನು ಅಮ್ಮ ಬಿಸ್ಕೆಟ್ ಡಬ್ಬದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟಿದ್ದರು. ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಸಿಕ್ಕವು. ಅಲ್ಲಿಂದ ಶುರುವಾಯಿತು ಈ ಹುಚ್ಚು. ಆ ಕ್ಯಾಸೆಟ್‌ಗಳು 60 ಪಿನ್ನಿನವು, ಅಂದರೆ ಜಪಾನಿನ ಫ್ಯಾಮಿಕಾಮ್‌ಗೆ ಸರಿಯಾಗಿ ಕೂರುತ್ತವೆ. ಅಮೆರಿಕದ ನಿಂಟೆಂಡೊಗೆ 72 ಪಿನ್ನು, ಅದಕ್ಕೆ ಕೂರಲ್ಲ. ಜೀವನದಲ್ಲಿ ಒಮ್ಮೆಯಾದರೂ ಅಸಲಿ ಡಬ್ಬದಲ್ಲಿ ಆ ಕ್ಯಾಸೆಟ್ ಹಾಕಿ ನೋಡಬೇಕು, ಹಳದಿ ತಿರುಗಿದ ಪ್ಲಾಸ್ಟಿಕ್ ಬಿಳಿ ಮಾಡಬೇಕು, ಕಂಡೆನ್ಸರ್ ಬದಲಾಯಿಸಬೇಕು, ಮಗನಿಗೆ ತೋರಿಸಬೇಕು. ಇಷ್ಟೇ ಆಸೆ.

ಜಾಹೀರಾತು ಸಿಕ್ಕಿತು. ನೀಲಿ ಹೂವಿನ ಬೆಡ್‌ಶೀಟ್ ಮೇಲೆ ಇಟ್ಟು ತೆಗೆದ ಫೋಟೋ. ಕೆಳಗೆ "ಒರಿಜಿನಲ್ ಜಪಾನ್ ಬಾಡಿ, 1983 ಫಸ್ಟ್ ಬ್ಯಾಚ್, ಫುಲ್ಲಿ ವರ್ಕಿಂಗ್, ಸೀಲ್ ಓಪನ್ ಆಗಿಲ್ಲ" ಅಂತ ಇತ್ತು. ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಿ. ನಾನು ಓದಿದ್ದು ಒಂದೇ ಸಲ.

ಮೆಸೇಜ್ ಹಾಕಿದೆ. "ಅಣ್ಣಾ ಇನ್ನೂ ಇಬ್ರು ಕೇಳ್ತಾ ಇದಾರೆ, ಒಬ್ರು ಮೈಸೂರಿಂದ ಬರ್ತೀನಿ ಅಂದಿದಾರೆ, ನೀವು ಎರಡು ಸಾವಿರ ಹಾಕಿದ್ರೆ ಭಾನುವಾರದ ತನಕ ಇಟ್ಟಿರ್ತೀನಿ." ಹಾಕಿದೆ. ಈ ಮೈಸೂರಿನವರು ಎಲ್ಲಾ ವ್ಯವಹಾರದಲ್ಲೂ ಇರುತ್ತಾರೆ, ಯಾವತ್ತೂ ಬರಲ್ಲ.

ಭಾನುವಾರ ನಾಗರಬಾವಿ ಕಡೆ ಅವನ ರೂಮಿಗೆ ಹೋದೆ. ಇಪ್ಪತ್ತೈದರ ಹುಡುಗ, ಮಾತು ಬೆಣ್ಣೆ. ಟಿವಿ ಆನ್ ಮಾಡಿಯೇ ಇಟ್ಟಿದ್ದ. ಹಿಂದೆ ಹಳದಿ-ಬಿಳಿ ಎವಿ ಕೇಬಲ್ ಚುಚ್ಚಿದ್ದ. ನನಗೆ ಅಲ್ಲೇ ಒಂದು ಅನುಮಾನ ಬಂತು. ಅಸಲಿ ಹಳೇ ಫ್ಯಾಮಿಕಾಮ್‌ನಲ್ಲಿ ಎವಿ ಇರಲ್ಲ, ಆಂಟೆನಾ ವೈರಿನದ್ದು ಮಾತ್ರ, ಅದೂ ಜಪಾನಿನ ಚಾನಲ್‌ಗೆ. ಕೇಳಿದೆ. "ಎವಿ ಮಾಡಿಫೈ ಮಾಡಿಸಿದೀನಿ ಅಣ್ಣಾ, ಇಲ್ದಿದ್ರೆ ನಮ್ ಟಿವೀಲಿ ಬರಲ್ವಲ್ಲ" ಅಂದ. ಅದು ನಿಜವೂ ಹೌದು, ಬಹಳ ಜನ ಹಾಗೇ ಮಾಡಿಸುತ್ತಾರೆ. ಸುಮ್ಮನಾದೆ.

ಎರಡನೇ ಅನುಮಾನ, ಬಟನ್. 1983ರ ಮೊದಮೊದಲ ಡಬ್ಬಗಳಲ್ಲಿ ಎ, ಬಿ ಬಟನ್‌ಗಳು ಚೌಕ ಇದ್ದವು, ರಬ್ಬರಿನವು. ಆಮೇಲೆ ದುಂಡಗಿನ ಪ್ಲಾಸ್ಟಿಕ್ ಬಟನ್ ಮಾಡಿದರು. ಇವನದ್ದು ದುಂಡಗೆ ಇತ್ತು. ಫಸ್ಟ್ ಬ್ಯಾಚ್ ಅನ್ನೋದು ಸುಳ್ಳು ಅಂತ ನನಗೆ ಗೊತ್ತಾಯಿತು. ಗೊತ್ತಾಗಿಯೂ ಏನು ಮಾಡಿದೆ? "ಪಾಪ, ಹುಡುಗನಿಗೆ ಗೊತ್ತಿರಲಿಕ್ಕಿಲ್ಲ" ಅಂದುಕೊಂಡೆ! ನನಗಿಂತ ಅವನಿಗೆ ಕಡಿಮೆ ಗೊತ್ತು ಅಂದುಕೊಂಡೆನಲ್ಲ, ಅದೇ ಈಗ ಜಾಸ್ತಿ ಉರಿಯುವುದು.

ಮೂರನೇದು ಸೀಲ್. ಡಬ್ಬ ತಿರುಗಿಸಿ ನೋಡಿದೆ. ತಳದಲ್ಲಿ ಮಾಡೆಲ್ ಚೀಟಿ ಇತ್ತು, ಎಚ್‌ವಿಸಿ-001 ಅಂತ. ಅದು ಸರಿ. ಪಕ್ಕದ ಸ್ಕ್ರೂ ಮೇಲೆ ಬೆಳ್ಳಿ ಬಣ್ಣದ ಸ್ಟಿಕ್ಕರ್. "ಬಿಚ್ಚಿ ನೋಡಬಹುದಾ?" ಅಂದೆ. "ಅಯ್ಯೋ ಅಣ್ಣಾ, ಅದು ಕಂಪನಿ ಸೀಲು. ಅದು ಹೋದ್ರೆ ವ್ಯಾಲ್ಯೂನೇ ಹೋಯ್ತು. ಅದೇ ಪ್ರೂಫು" ಅಂದ.

ಎವಿ ಮಾಡಿಫೈ ಮಾಡಿಸಿದ್ದೇನೆ ಅಂದವನೂ ಅವನೇ, ಸೀಲ್ ಒಡೆದಿಲ್ಲ ಅಂದವನೂ ಅವನೇ. ಡಬ್ಬ ಬಿಚ್ಚದೆ ಎವಿ ಹಾಕೋದು ಹೇಗೆ? ಹತ್ತು ನಿಮಿಷದ ಅಂತರದಲ್ಲಿ ಎರಡೂ ಮಾತು ಹೇಳಿದ್ದಾನೆ. ನಾನು ಎರಡಕ್ಕೂ ತಲೆಯಾಡಿಸಿದ್ದೇನೆ. ಇಂಜಿನಿಯರಿಂಗ್ ಓದಿದವನು ನಾನು. ಮನೆಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿರುವುದು.

ಯಾಕಂದರೆ ಅಷ್ಟರಲ್ಲಿ ಅವನು ಕ್ಯಾಸೆಟ್ ಹಾಕಿ ಮಾರಿಯೋ ಶುರು ಮಾಡಿದ್ದ. ಆ ಟ್ಯೂನ್ ಕೇಳಿದ ಮೇಲೆ ನನಗೆ ಬುದ್ಧಿ ಎಲ್ಲಿ ಉಳಿಯುತ್ತದೆ. ಹಾಸನದ ಮನೆ, ಅಪ್ಪ, ಕರೆಂಟ್ ಹೋದರೆ ಅಳೋದು, ಎಲ್ಲ ಬಂತು. ಉಳಿದ 11,500 ಅಲ್ಲೇ ಫೋನ್‌ನಲ್ಲಿ ಕಳಿಸಿದೆ. ಕಳಿಸಿದ ಮೇಲೆ "ಥ್ಯಾಂಕ್ಯೂ ಸರ್" ಅಂದ. ಅಲ್ಲಿಯ ತನಕ ಅಣ್ಣ ಆಗಿದ್ದವನು ಆ ಕ್ಷಣಕ್ಕೆ ಸರ್ ಆದೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಮೈಕ್ ಪರೀಕ್ಷೆ. ಗೊತ್ತಿಲ್ಲದವರಿಗೆ: ಅಸಲಿ ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್ ಬಟನ್ ಇರಲ್ಲ. ಅವುಗಳ ಜಾಗದಲ್ಲಿ ಒಂದು ಪುಟ್ಟ ಮೈಕ್ ಇರುತ್ತದೆ, ಪಕ್ಕದಲ್ಲಿ ವಾಲ್ಯೂಮ್ ಎಳೆಯುವ ಗುಂಡಿ. ಮಾತಾಡಿದರೆ ನಿಮ್ಮ ದನಿ ಟಿವಿಯಲ್ಲಿ ಕೇಳಬೇಕು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಈಗ ನೋಡು ಮ್ಯಾಜಿಕ್" ಅಂದೆ. ಕಂಟ್ರೋಲರ್ ಬಾಯಿಗೆ ಹಿಡಿದು "ಹಲೋ, ಹಲೋ" ಅಂದೆ. ಟಿವಿ ಮಾತಾಡಲಿಲ್ಲ. ಇನ್ನೂ ಜೋರಾಗಿ ಹಲೋ ಅಂದೆ. ಅಡುಗೆ ಮನೆಯಿಂದ ಹೆಂಡತಿ "ಯಾರದು ಫೋನು?" ಅಂದಳು. ಮಗ ಬಿದ್ದು ಬಿದ್ದು ನಕ್ಕ.

ಹುಡುಗನಿಗೆ ಮೆಸೇಜ್ ಮಾಡಿದೆ. "ಸರ್ ನಲವತ್ತು ವರ್ಷದ ಮೈಕ್ ಅದು, ನಮ್ ತಾತನಿಗೇ ಕಿವಿ ಕೇಳ್ಸಲ್ಲ" ಅಂತ ಬರೆದು ನಗುವ ಗೊಂಬೆ ಹಾಕಿದ. ನಾನೂ ನಕ್ಕೆ. ನಕ್ಕು ವಾಪಸ್ ಒಂದು ಗೊಂಬೆ ಕಳಿಸಿದೆ. ಈಗಲೂ ಇದೆ ಫೋನಿನಲ್ಲಿ, ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಸರಿ, ರಿಪೇರಿ ಮಾಡಿಸೋಣ ಅಂತ ಶನಿವಾರ ಎಸ್.ಪಿ. ರೋಡಿಗೆ ಹೋದೆ. ಒಳಗಲ್ಲಿಯಲ್ಲಿ ಟಿವಿ ಬೋರ್ಡ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ನಾನು ಓದಿಕೊಂಡು ಹೋಗಿದ್ದೆ ಬೇರೆ. "ಇದು ಜಪಾನಿನದು ಸರ್, ಒಳಗೆ 7805 ರೆಗ್ಯುಲೇಟರ್ ಇರುತ್ತೆ, ಅದನ್ನೂ ಕಂಡೆನ್ಸರ್‌ಗಳನ್ನೂ ಹೊಸದು ಹಾಕಿ" ಅಂತ ದೊಡ್ಡದಾಗಿ ಹೇಳಿದೆ. ಅವರು ಡಬ್ಬ ಮುಟ್ಟಲಿಲ್ಲ. ಅಡಾಪ್ಟರ್ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಹಿಂದಿನ ಸಣ್ಣ ಅಕ್ಷರ ಓದಿದರು.

"5 ವೋಲ್ಟ್ ಅಂತಿದೆಯಲ್ಲಪ್ಪಾ. 7805 ಇದ್ರೆ ಐದು ವೋಲ್ಟ್‌ನಲ್ಲಿ ಹೆಂಗೆ ಓಡುತ್ತೆ?"

ಅಷ್ಟೇ. ಆ ಒಂದು ಮಾತಿಗೆ ನನಗೆ ಎಲ್ಲಾ ಅರ್ಥವಾಗಿಹೋಯಿತು. ಅಸಲಿ ಫ್ಯಾಮಿಕಾಮ್‌ಗೆ ಅಡಾಪ್ಟರ್‌ನಿಂದ 10 ವೋಲ್ಟ್ ಬರುತ್ತದೆ, ಒಳಗಿನ 7805 ಅದನ್ನು 5ಕ್ಕೆ ಇಳಿಸುತ್ತದೆ. ಅದು ಕೆಲಸ ಮಾಡೋಕೆ ಕಡಿಮೆ ಅಂದರೂ 7 ವೋಲ್ಟ್ ಒಳಗೆ ಹೋಗಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದ ವಿಷಯ! ಒಂದು ವಾರದಿಂದ ದಿನಾ ಅದೇ ಅಡಾಪ್ಟರನ್ನು ಗೋಡೆಗೆ ಚುಚ್ಚುತ್ತಿದ್ದೆ, ಒಂದು ದಿನ ತಿರುಗಿಸಿ ಓದಲಿಲ್ಲ.

"ಬಿಚ್ಚಲಾ?" ಅಂದರು. "ಸೀಲ್ ಇದೆ" ಅಂದೆ, ದನಿ ಸಣ್ಣಗಾಗಿತ್ತು. ಅವರು ಡ್ರಾಯರ್ ಎಳೆದು ಒಂದು ಸುರುಳಿ ತೆಗೆದು ಮೇಜಿನ ಮೇಲಿಟ್ಟರು. ಅದೇ ಬೆಳ್ಳಿ ಸ್ಟಿಕ್ಕರ್, ಅದೇ ಇಂಗ್ಲಿಷ್ ಅಕ್ಷರ, "ವಾರಂಟಿ ವಾಯ್ಡ್". "ಇದೇನಾ ಸೀಲು? ಎಷ್ಟು ಬೇಕು ಹೇಳು." ಜಪಾನಿನ ಮನೆಗಳಿಗೆ ಅಂತ ಮಾಡಿದ ಸಾಮಾನಿಗೆ ಇಂಗ್ಲಿಷಿನ ಸೀಲ್ ಯಾಕಿರುತ್ತದೆ ಅಂತಲೂ ನನಗೆ ಹೊಳೆದಿರಲಿಲ್ಲ.

ಬಿಚ್ಚಿದರು. ಅಸಲಿಯಲ್ಲಿ ಏನಿರಬೇಕು ಅಂದರೆ, ಮೈತುಂಬಾ ಹರಡಿದ ದೊಡ್ಡ ಬೋರ್ಡು, ಅದರ ಮೇಲೆ 40 ಕಾಲಿನ ಎರಡು ಉದ್ದನೆಯ ಚಿಪ್ಪು, 2ಎ03 ಮತ್ತು 2ಸಿ02 ಅಂತ ಬರೆದಿರುತ್ತದೆ. ಹಿಂಭಾಗದಲ್ಲಿ ಪವರ್‌ಗೆ ಬೇರೆ ಬೋರ್ಡು. ಇದರಲ್ಲಿ ಇದ್ದದ್ದು ಅಂಗೈಯಗಲದ ಹಸಿರು ಬೋರ್ಡು, ನಡುವೆ ಒಂದು ಕರೀ ಬೊಟ್ಟು. ದೃಷ್ಟಿಬೊಟ್ಟಿನ ಹಾಗೆ. ಇಡೀ ಗೇಮು ಆ ಬೊಟ್ಟಿನ ಕೆಳಗೆ. ಕ್ಯಾಸೆಟ್ ಸಿಕ್ಕಿಸುವ ಸ್ಲಾಟನ್ನು ಬಿಸಿ ಗಮ್ ಸುರಿದು ಕೂರಿಸಿದ್ದ. ಕಂಟ್ರೋಲರ್ ವೈರು ಕತ್ತರಿಸಿ ಬೆಸುಗೆ ಹಾಕಿ ಕರೀ ಟೇಪ್ ಸುತ್ತಿದ್ದ. ಮೈಕಿನ ವೈರು ಎಲ್ಲಿಗೂ ಹೋಗಿರಲಿಲ್ಲ, ಸುಮ್ನೆ ನೇತಾಡುತ್ತಿತ್ತು. ನಾನು ಹಲೋ ಹಲೋ ಅಂದಿದ್ದು ಅದಕ್ಕೆ.

"ಆರೇಳು ನೂರಕ್ಕೆ ಬರೋ ಗೇಮ್‌ದು ಬೋರ್ಡು. ನೀನು ಎಷ್ಟು ಕೊಟ್ಟೆ?" ಅಂದರು ಹಿರಿಯರು. ಅವರಿಗೂ ನಾಲ್ಕು ಸಾವಿರ ಅಂತಲೇ ಹೇಳಿದೆ. ಹೆಂಡತಿಗೂ ಅಷ್ಟೇ ಹೇಳಿರುವುದು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೇ ಚೆನ್ನಾಗಿರುತ್ತಿತ್ತು.

ಗಲ್ಲಿಯಲ್ಲೇ ನಿಂತು ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಎರಡು ಗಂಟೆ ಆದ ಮೇಲೆ ಉತ್ತರ.

"ಸರ್ ಸೀಲ್ ಓಪನ್ ಮಾಡಿದೀರಾ?"

"ಮಾಡಿದೀನಿ. ಒಳಗೆ ಲೋಕಲ್ ಬೋರ್ಡ್ ಇದೆ."

"ಸೀಲ್ ಓಪನ್ ಮಾಡಿದ್ರೆ ರಿಟರ್ನ್ ಇಲ್ಲ ಸರ್."

"ಒರಿಜಿನಲ್ ಅಂತ ಹೇಳಿದ್ಯಲ್ಲಪ್ಪಾ?"

"ಬಾಡಿ ಒರಿಜಿನಲ್ ಸರ್. ಬೋರ್ಡ್ ಒರಿಜಿನಲ್ ಅಂತ ಎಲ್ಲಿ ಹಾಕಿದೀನಿ ತೋರ್ಸಿ."

ಹೋಗಿ ನೋಡಿದೆ. "ಒರಿಜಿನಲ್ ಜಪಾನ್ ಬಾಡಿ." ಬಾಡಿ! ಸರಿಯಾಗಿಯೇ ಬರೆದಿದ್ದಾನೆ ಕಳ್ಳ. ನಾನು ಅದನ್ನು ಪೀಸ್ ಅಂತ ಓದಿಕೊಂಡಿದ್ದೆ.

ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ಈಗ ಅಣ್ಣನೂ ಇಲ್ಲ, ಸರ್ರೂ ಇಲ್ಲ. "ನೋಡ್ರೀ, ಆಟ ಬರ್ತಾ ಇದೆ ತಾನೆ? ಮಾರಿಯೋ ಓಡ್ತಾನೆ ತಾನೆ? ಮತ್ತೇನ್ರೀ ಪ್ರಾಬ್ಲಮ್ಮು? ಅರ್ಧ ಗಂಟೆ ಆಡಿ ನೋಡಿ ತಗೊಂಡಿದೀರ." ಆಮೇಲೆ ಒಂದು ಮಾತು ಹೇಳಿದ, ಅದನ್ನು ಮಾತ್ರ ಮರೆಯಲ್ಲ: "ನೀವೇ ಬೋರ್ಡ್ ಚೇಂಜ್ ಮಾಡಿ ನನ್ ಮೇಲೆ ಹಾಕ್ತಾ ಇಲ್ಲ ಅಂತ ಏನ್ ಗ್ಯಾರಂಟಿ?" ನನಗೆ ಬಾಯಿಯೇ ಬರಲಿಲ್ಲ. ಕೈಯಲ್ಲಿ ಬಿಚ್ಚಿದ ಡಬ್ಬ ಹಿಡಿದುಕೊಂಡು ನಡು ಗಲ್ಲಿಯಲ್ಲಿ ನಿಂತಿದ್ದೇನೆ, ಹಮಾಲರು "ಸೈಡು ಸೈಡು" ಅನ್ನುತ್ತಿದ್ದಾರೆ. ಅಷ್ಟರಲ್ಲಿ ಕಟ್ ಮಾಡಿದ. ಆಮೇಲೆ ಬ್ಲಾಕ್.

ಪೊಲೀಸ್ ಕಂಪ್ಲೇಂಟ್ ಕೊಡು ಅಂತ ಗೆಳೆಯ ಹೇಳಿದ. ಸ್ಟೇಷನ್ನಿಗೆ ಹೋಗಿ ಏನಂತ ಹೇಳಲಿ? ನಲವತ್ತು ದಾಟಿದ ಗಂಡಸು, ಮಾರಿಯೋ ಓಡುತ್ತಾನೆ, ಆದರೆ ಒಳಗಿನ ಚಿಪ್ಪು ಸರಿಯಿಲ್ಲ ಸ್ವಾಮಿ ಅನ್ನಲಾ? ಹೋಗಲಿಲ್ಲ. ನೀವಾದರೂ ಹೋಗಿ.

ಕೊಳ್ಳುವವರಿಗೆ ನಾನು ಹೇಳೋದು ಇಷ್ಟು. ಸ್ಕ್ರೂಡ್ರೈವರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಬಿಚ್ಚಬೇಡಿ ಅಂದರೆ ಟೀ ಕೂಡ ಕುಡಿಯದೆ ಎದ್ದು ಬನ್ನಿ. ಮೈಕಿನಲ್ಲಿ ಮಾತಾಡಿ ನೋಡಿ, ಅವನ ಮುಂದೆಯೇ, ನಾಚಿಕೆ ಪಡಬೇಡಿ. ಅಡಾಪ್ಟರ್ ತಿರುಗಿಸಿ ಓದಿ. ಹಾಂ, ನಿಮ್ಮ ಅದೃಷ್ಟಕ್ಕೆ ಅಸಲಿ ಜಪಾನ್ ಅಡಾಪ್ಟರೇ ಸಿಕ್ಕಿದರೆ ಅದನ್ನು ನೇರ ಗೋಡೆಗೆ ಚುಚ್ಚಬೇಡಿ. ಅದು 100 ವೋಲ್ಟಿನದು, ನಮ್ಮ 230ಕ್ಕೆ ಹೊಗೆ ಬರುತ್ತದೆ. ಮಾರಿಯೋ ಹಾಕಿ ತೋರಿಸುತ್ತೇನೆ ಅಂದರೆ ಬೇಡ ಅನ್ನಿ. ಆ ಟ್ಯೂನ್ ಕೇಳಿಸಿಕೊಂಡು ವ್ಯಾಪಾರ ಮಾಡೋಕೆ ನಮ್ಮ ವಯಸ್ಸಿನವರ ಕೈಲಿ ಆಗಲ್ಲ.

ಪ್ಲಾಸ್ಟಿಕ್ ಬಿಳಿ ಮಾಡೋಕೆ ಅಂತ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಿಂದ ಪೆರಾಕ್ಸೈಡ್ ಕ್ರೀಮ್ ತಂದಿದ್ದೆ, ಎರಡು ಬಾಟ್ಲಿ. ಹಾಗೇ ಇದೆ. ಬಾಡಿ ಒರಿಜಿನಲ್ಲೇ ಅಲ್ವಾ, ಬಿಸಿಲು ಜೋರಾದಾಗ ಹಚ್ಚಿ ಇಡುತ್ತೇನೆ. ಅಮ್ಮ ಎತ್ತಿಟ್ಟ ಕ್ಯಾಸೆಟ್‌ಗಳಲ್ಲಿ ಎರಡು ಓಡುತ್ತಿವೆ. ಮಗನಿಗೆ ಒಳಗೆ ಏನಿದೆ ಅಂತ ಚಿಂತೆಯೇ ಇಲ್ಲ.

ಇಷ್ಟೆಲ್ಲಾ ಈಗ ಯಾಕೆ ಬರೆದೆ ಅಂದರೆ, ನಿನ್ನೆ ರಾತ್ರಿ ಹೊಸ ಜಾಹೀರಾತು ಬಂದಿದೆ. ಹೆಸರು ಬೇರೆ, ನಂಬರ್ ಬೇರೆ. ಈ ಸಲ ಬೆಲೆ 15,000. "ಒರಿಜಿನಲ್ ಜಪಾನ್ ಬಾಡಿ, ಸೀಲ್ ಓಪನ್ ಆಗಿಲ್ಲ." ಬೆಡ್‌ಶೀಟ್ ಮಾತ್ರ ಅದೇ, ನೀಲಿ ಹೂವಿನದು.