ವರದೆಯ ದಂಡೆಯ ಮನೆಗೊಂದು ವಿನ್ಯಾಸ

ಹಾನಗಲ್ಲ ತಾಲೂಕಿನಲ್ಲಿ ವರದಾ ನದಿಯ ದಂಡೆಗೆ, ಸಾಗವಾನಿ ಮರಗಳ ನಡುವೆ ಇರುವ ನಮ್ಮ ಜಾಗಕ್ಕೆ ಮನೆಯ ವಿನ್ಯಾಸ ಮಾಡುವ ಕೆಲಸವನ್ನು ಧಾರವಾಡದ ಒಂದು ಕಚೇರಿಗೆ ವಹಿಸಿದ್ದೆವು. ಗಾಜು, ಉಕ್ಕು ಬಳಸಿಯೂ ಪಡಸಾಲೆ, ಕಟ್ಟೆ, ಮಾಳಿಗೆಯ ಬೆಳಕಿಂಡಿಗಳನ್ನು ಅವರು ಅಲಂಕಾರಕ್ಕಲ್ಲ, ಬಳಕೆಗೆಂದೇ ಉಳಿಸಿಕೊಂಡಿದ್ದಾರೆ; ಮಧ್ಯಾಹ್ನ ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಚೌಕ ಅಡುಗೆಮನೆಯ ಹೊಸ್ತಿಲಿನಿಂದ ಬೀಸುವ ಕಲ್ಲಿನವರೆಗೆ ನಿಧಾನವಾಗಿ ಸರಿಯುವುದನ್ನು ನೋಡುತ್ತ ಕೂರುವುದೇ ನನಗೊಂದು ಕೆಲಸವಾಗಿದೆ. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿರುವ ಗಳಗೇಶ್ವರ ಗುಡಿಯ ಇಳಿಜಾರಿನ ಬುಡವನ್ನು ನೆನಪಿಸುವಂತೆ ಪಾಯದ ಕಲ್ಲುಗೋಡೆಯನ್ನು ಓರೆಯಾಗಿ ಕಟ್ಟಿಸಿದ್ದು ಅವರ ಅತ್ಯುತ್ತಮ ನಿರ್ಧಾರ. ಆದರೆ ಮೊದಲ ನಕ್ಷೆಯಲ್ಲಿ ಮಳೆಗಾಲದ ನೆರೆಯ ಮಟ್ಟವನ್ನೇ ಗಮನಿಸಿರಲಿಲ್ಲ. ಊರಿನ ಹಿರಿಯರು ಮರದ ಮೇಲಿನ ಕೆಸರಿನ ಗೆರೆ ತೋರಿಸಿದ ಮೇಲಷ್ಟೇ ನೆಲವನ್ನು 2 ಅಡಿ ಏರಿಸಿದರು, ಅದಕ್ಕೂ ಪ್ರತ್ಯೇಕ ಶುಲ್ಕ ಕೇಳಿದರು.